ಆಯ್ತು ಎಂದ ಪರಿಚಾರಕ

ಕ್ಯಾತ್ಸಂದ್ರದ ಕಾಲೇಜಿನಲ್ಲಿ ಓದು ಮುಗಿಸಿದ ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. ಇಬ್ಬರಿಗೂ ಕೆಲಸ ಸಿಕ್ಕಿದೆ, ಅದೂ ನಾನು ಮಾಡಿ ಬಿಟ್ಟಂಥ ಕೆಲಸವೇ. "ಆಂಟಿ, ಅಷ್ಟು ವರ್ಷ ಕಂಪ್ಯೂಟರ್ ಕರ್ನಲ್ ಒಳಗೆ ನೀವು ಏನು ಮಾಡ್ತಿದ್ರಿ?" ಎಂದು ಕೇಳಿದರು. ಒಲೆಯ ಮೇಲೆ ಹಾಲಿಟ್ಟಿದ್ದೆ. ಹಾಲು ಉಕ್ಕುವುದರೊಳಗೆ ಹೇಳಿ ಮುಗಿಸುವ ವಿಷಯವಲ್ಲ, ಬರೆದು ಕೊಡುತ್ತೇನೆ ಹೋಗಿ ಎಂದೆ.

ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾವು ದಿನಕ್ಕೆ ನೂರು ಸಲ ಆಡುವ ಒಂದು ಸಣ್ಣ ಮಾತಿನಿಂದ ಒಬ್ಬ ಹೆಂಗಸು ಕಾಲನ್ನೋ ಕಿಡ್ನಿಯನ್ನೋ ಕಳೆದುಕೊಳ್ಳುವ ಹಾಗಾಯಿತಲ್ಲ, ಅದನ್ನು ಹೇಳಬೇಕು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತು ಎರಡು ವರ್ಷವಾದರೂ ಆ ದಿನವನ್ನು ಮರೆಯಲಾಗಿಲ್ಲ.

ನನ್ನ ಸಣ್ಣ ಮಗಳು ಒಂದನೇ ತರಗತಿಗೆ ಸೇರಿದ ವರ್ಷ ನಾನು ಕೆಲಸಕ್ಕೆ ಸೇರಿದೆ. ಇಂಜಿನಿಯರಿಂಗ್ ಓದಿದ್ದೆನಾದರೂ ಮದುವೆಯಾದ ಮೇಲೆ ಹನ್ನೊಂದು ವರ್ಷ ಮನೆಯಲ್ಲೇ ಇದ್ದೆ. ತುಮಕೂರಿನ ಬಟವಾಡಿಯಲ್ಲಿ, ಬಣ್ಣದ ಡಬ್ಬಿ ಮಾರುವ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಯಜಮಾನರು ಮೂರ್ತಿ ಸಾರ್. ಸಂದರ್ಶನದಲ್ಲಿ ನನ್ನ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹನ್ನೊಂದು ವರ್ಷ ಏನ್ ಮಾಡ್ತಿದ್ರಿ?"

"ಅಡುಗೆ, ಪೂಜೆ, ಮಕ್ಕಳು ಸಾರ್."

"ಒಂದೇ ಸಲ ಎಷ್ಟು ಒಲೆ ನೋಡ್ಕೋತೀರಿ?"

"ಇರೋದೇ ಎರಡು ಸಾರ್. ಒಂದ್ರಲ್ಲಿ ಅನ್ನ, ಇನ್ನೊಂದ್ರಲ್ಲಿ ಸಾರು. ಮಧ್ಯೆ ಅತ್ತೆ ಕರೀತಾರೆ, ಬಾಗಿಲು ತಟ್ತಾರೆ, ಮಗು ಬೀಳುತ್ತೆ."

"ಅನ್ನ ಸೀದಿದೆಯಾ?"

"ಎರಡೇ ಸಲ ಸಾರ್."

"ಹಾಗಾದ್ರೆ ನಿಮಗೆ ಡ್ರೈವರ್ ಬರೆಯೋಕೆ ಬರುತ್ತೆ. ಸೋಮವಾರ ಬನ್ನಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ತಮಾಷೆಯಲ್ಲ ಎಂದು ಮೊದಲ ವಾರದಲ್ಲೇ ಗೊತ್ತಾಯಿತು.

ನಮ್ಮ ಗಿರಾಕಿಗಳು ಸುತ್ತಮುತ್ತಲ ಊರುಗಳ ಸ್ಕ್ಯಾನಿಂಗ್ ಸೆಂಟರ್‌ಗಳು. ಅಲ್ಲಿಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಕಾಣುತ್ತದೆ. ನೋಡಲು ಮಾಮೂಲಿ ಫೋಲ್ಡರ್, ಆದರೆ ಅದರಲ್ಲಿ ಹಾಕಿದ ಚಿತ್ರಗಳು ಹೋಗಿ ಕೂರುವುದು ತುಮಕೂರಿನ ನಮ್ಮ ದೊಡ್ಡ ಯಂತ್ರದಲ್ಲಿ. ಹಾಗೆ ಕಾಣಿಸುವ ಕೆಲಸವನ್ನು ಎರಡು ಪಾಲು ಮಾಡಿದ್ದೆವು. ಒಂದು ಪಾಲು ಕಂಪ್ಯೂಟರಿನ ಕರ್ನಲ್ ಒಳಗೆ, ಇನ್ನೊಂದು ಹೊರಗೆ.

ಕರ್ನಲ್ ಎಂದರೆ ಗರ್ಭಗುಡಿ ಎಂದುಕೊಳ್ಳಿ. ಒಳಗೆ ಜಾಗ ಕಡಿಮೆ, ಮಡಿ ಜಾಸ್ತಿ. ಅಲ್ಲಿ ಒಂದು ತಪ್ಪಾದರೆ ಇಡೀ ಯಂತ್ರವೇ ಕವುಚಿ ಬೀಳುತ್ತದೆ. ಆದ್ದರಿಂದ ಒಳಗೆ ಆದಷ್ಟು ಕಡಿಮೆ ಕೆಲಸ ಇಟ್ಟುಕೊಂಡು, ಊರೂರು ಅಲೆಯುವ, ನೆಟ್‌ವರ್ಕ್ ಹಿಡಿಯುವ ಕೆಲಸವನ್ನೆಲ್ಲ ಹೊರಗೆ ಓಡುವ ಇನ್ನೊಂದು ಪ್ರೋಗ್ರಾಮಿಗೆ ಬಿಡಬೇಕು. ಒಳಗಿನವರು ಹೂವು ಬೇಕು ಎಂದರೆ ಹೊರಗಿನವನು ಓಡಿಹೋಗಿ ತಂದು ಬಾಗಿಲಲ್ಲಿ ಕೊಡಬೇಕು. ಒಳಗಿನ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ, ಅದನ್ನು ಬರೆಯುವುದು ನನ್ನ ಪಾಲು. ಹೊರಗಿನದ್ದು ಬಸವರಾಜುವಿನದು. ಅವನು ದಿನಾ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ, ನನಗಿಂತ ಆರು ವರ್ಷ ಚಿಕ್ಕವನು.

ಹೊರಗಿನ ಆ ಪ್ರೋಗ್ರಾಮಿಗೆ ಲೋಕವೆಲ್ಲ ಡೀಮನ್ ಎನ್ನುತ್ತದೆ. ನನ್ನ ಬಾಯಲ್ಲಿ ಅದು ಬರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದವಳು ದಿನವಿಡೀ ದೆವ್ವದ ಹೆಸರು ಹೇಳುವುದು ಹೇಗೆ?

"ಹೆಸ್ರಲ್ಲೇನೈತೆ ಗಿರಿಜಕ್ಕ," ಎಂದು ಬಸವರಾಜು ನಕ್ಕ. "ನಿಮ್ದು ದೇವರ ಕಡೆ, ನಮ್ದು ದೆವ್ವದ ಕಡೆ. ಮಧ್ಯೆ ಒಂದು ಬಾಗ್ಲು."

"ಬೇಡಪ್ಪ. ಪರಿಚಾರಕ ಅನ್ನೋಣ. ದೇವಸ್ಥಾನದಲ್ಲಿ ನೀರು, ಹೂವು ತಂದ್ಕೊಡೋನು."

ಮೂರ್ತಿ ಸಾರ್‌ಗೆ ಇದು ಎಷ್ಟು ಹಿಡಿಸಿತೆಂದರೆ, ಒಳಗೂ ಹೊರಗೂ ಓಡಾಡುವ ಸಂದೇಶಗಳಿಗೆಲ್ಲ ಕನ್ನಡದ ಹೆಸರನ್ನೇ ಇಡಿ ಎಂದುಬಿಟ್ಟರು. ನಾವು ಆರು ಪದ ಆರಿಸಿದೆವು. ಬೇಕು, ತಗೋ, ಇಲ್ಲ, ತಡಿ, ಬೇಡ, ಆಯ್ತು. ನಾನು ಒಳಗಿನಿಂದ ಬೇಕು ಎಂದರೆ ಪರಿಚಾರಕ ಫೈಲನ್ನು ತಂದುಕೊಡುತ್ತಾನೆ, ಇಲ್ಲದಿದ್ದರೆ ಇಲ್ಲ, ತಡವಾಗುವುದಾದರೆ ತಡಿ ಎನ್ನುತ್ತಾನೆ. ನಾನು ಬರೆಯಲು ಕೊಟ್ಟು ತಗೋ ಎಂದರೆ ಅವನು ಆಯ್ತು ಎನ್ನುತ್ತಾನೆ. ಕೇಳಿದವನೇ ಎದ್ದುಹೋದರೆ ನಾನು ಬೇಡ ಎನ್ನುತ್ತೇನೆ. ಉತ್ತರಗಳು ಕೇಳಿದ ಕ್ರಮದಲ್ಲೇ ಬರುವುದಿಲ್ಲವಾದ್ದರಿಂದ ಪ್ರತಿ ಸಂದೇಶಕ್ಕೂ ಒಂದು ನಂಬರು. ಆ ಪಟ್ಟಿಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದೆವು. ಬಂದವರೆಲ್ಲ ಓದಿ ನಗುತ್ತಿದ್ದರು. ನಮಗೂ ಹೆಮ್ಮೆ. ಆರು ಪದದ ಎದುರಿಗೆ ಅದರ ಅರ್ಥವೇನು ಎಂದು ಒಂದೊಂದು ಸಾಲು ಬರೆಯಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕನ್ನಡ ತಾನೇ, ಯಾರಿಗೆ ಗೊತ್ತಿಲ್ಲ?

ಮೊದಲ ಪೆಟ್ಟು ಬಿದ್ದದ್ದು ನಾಲ್ಕನೇ ತಿಂಗಳಲ್ಲಿ. ಬೆಳಗಿನ ಕಾಫಿಯ ಹೊತ್ತು. ಬಸವರಾಜು ಕೂಗಿದ. "ಅಕ್ಕಾ, ಇದು ಸಾಯ್ತಾ ಇಲ್ಲ!"

"ಏನು?"

"ಪರಿಚಾರಕ. ಒಂಬತ್ತು ಹಾಕಿದ್ರೂ ಸಾಯ್ತಿಲ್ಲ ಕಣಕ್ಕ."

ಒಂಬತ್ತು ಎಂದರೆ ಯಾವ ಪ್ರೋಗ್ರಾಮನ್ನಾದರೂ ಮುಲಾಜಿಲ್ಲದೆ ಕೊಲ್ಲುವ ಸಂಕೇತ. ಅದಕ್ಕೂ ಜಗ್ಗದೆ ಅದು ನಿಂತಿತ್ತು. ನೋಡಿದರೆ ಸತ್ತಿಲ್ಲ, ಬದುಕಿಯೂ ಇಲ್ಲ. ದೆವ್ವ ಎಂಬ ಹೆಸರನ್ನು ಬಿಟ್ಟರೂ ದೆವ್ವ ಬಿಡಲಿಲ್ಲವಲ್ಲ ಎನಿಸಿತು.

ಮಧ್ಯಾಹ್ನದ ಹೊತ್ತಿಗೆ ಕಾರಣ ಸಿಕ್ಕಿತು. ಪರಿಚಾರಕ ತಾನು ಮಾಡಿದ್ದನ್ನೆಲ್ಲ ಒಂದು ಲಾಗ್ ಫೈಲಿನಲ್ಲಿ ಬರೆದಿಡುತ್ತಿದ್ದ. ಬಸವರಾಜು ಆ ಲಾಗನ್ನು ನಮ್ಮದೇ ಫೋಲ್ಡರಿನೊಳಗೆ ಇಟ್ಟಿದ್ದ. ಅಂದರೆ ಒಂದು ಸಾಲು ಬರೆಯಬೇಕಾದರೂ ಪರಿಚಾರಕ ನನ್ನ ಡ್ರೈವರನ್ನು ಕೇಳಬೇಕು. ನನ್ನ ಡ್ರೈವರ್ ಆ ಕೆಲಸಕ್ಕೆ ಪರಿಚಾರಕನನ್ನೇ ಕರೆಯಬೇಕು. ಅವನು ಬಾಗಿಲಲ್ಲಿ ತೀರ್ಥಕ್ಕೆ ಕೈಯೊಡ್ಡಿ ನಿಂತಿದ್ದಾನೆ, ಒಳಗಿನವರು ನೀರು ತಾರಪ್ಪ ಎಂದು ಅವನನ್ನೇ ಕೂಗುತ್ತಿದ್ದಾರೆ. ಪ್ರಳಯದವರೆಗೂ ಇಬ್ಬರೂ ಹೀಗೇ ನಿಂತಿರಬಹುದು.

"ಏನ್ ಬಸವರಾಜು," ಎಂದರು ಮೂರ್ತಿ ಸಾರ್, "ಮನೆ ಕೀ ಮನೆಯೊಳಗಿಟ್ಟು ಬೀಗ ಹಾಕ್ಕೊಂಡು ಬಂದ್ಯಾ?"

"ನಾ ಇಟ್ಟೆ ಸಾರ್, ಬಿಟ್ಕೊಂಡೋರು ಯಾರು? ಡ್ರೈವರ್ ಕೇಳ್ಬೇಕಿತ್ತು, ಯಾರಪ್ಪಾ ನೀನು ಅಂತ."

ಅವನು ಹೇಳಿದ್ದು ನಿಜ. ಬಂದು ಕೇಳುತ್ತಿರುವವನು ನನ್ನ ಪರಿಚಾರಕನೇ ಆದರೆ ಒಳಗೆ ಬಿಡಬಾರದು ಎಂಬ ಎರಡು ಸಾಲನ್ನು ಅಂದೇ ಸೇರಿಸಿದೆ. ನನ್ನ ಡ್ರೈವರಿನೊಳಗೆ ಕಾಯುತ್ತಾ ನಿಂತವರನ್ನು ಒಂಬತ್ತು ಹಾಕಿದರೆ ಎಬ್ಬಿಸಿ ಕಳಿಸುವ ಹಾಗೆಯೂ ಮಾಡಿದೆ. ನಮ್ಮ ಆಫೀಸಿನಲ್ಲೇ ಆಯಿತು, ಯಾವ ರೋಗಿಯ ಮುಂದೆಯೂ ಆಗಲಿಲ್ಲ, ಅದು ಶಿವನ ದಯೆ ಎಂದು ಸಂಜೆ ದೀಪಕ್ಕೆ ಎರಡು ಹನಿ ಎಣ್ಣೆ ಜಾಸ್ತಿ ಹಾಕಿದೆ.

ಎರಡನೆಯ ಪೆಟ್ಟು ಪೂರ್ತಿ ನನ್ನದೇ. ಯಾರೋ ಫೈಲು ಕೇಳಿ, ತಡವಾಯಿತೆಂದು ಎದ್ದುಹೋದರೆ ನಾನು ಬೇಡ ಎಂದು ಹೇಳಿ, ಆ ನಂಬರಿಗೆ ಇಟ್ಟಿದ್ದ ಜಾಗವನ್ನು ತಕ್ಷಣ ಖಾಲಿ ಮಾಡುತ್ತಿದ್ದೆ. ಅಷ್ಟರಲ್ಲಿ ಪರಿಚಾರಕ ಉತ್ತರ ಹಿಡಿದು ಹೊರಟುಬಿಟ್ಟಿದ್ದರೆ? ಅವನು ಬಂದು, ಅಷ್ಟು ಹೊತ್ತಿಗೆ ಬೇರೆಯವರ ಪಾಲಾಗಿದ್ದ ಆ ಜಾಗದಲ್ಲಿ ತಂದದ್ದನ್ನು ಸುರಿಯುತ್ತಿದ್ದ. ಯಂತ್ರ ನಿಂತಲ್ಲೇ ಬೀಳುತ್ತಿತ್ತು. ಮೂರು ವಾರ ಹುಡುಕಿದೆ. ಬೇಡ ಎಂದವಳು ಬೇಡ ಎನ್ನುವುದು ಅವನಿಗೆ ತಲುಪಿತೆಂದು ತಿಳಿಯುವವರೆಗೆ ಕಾಯಬೇಕು. ಇಷ್ಟೇ ಪಾಠ. ಹಾಲಿನವನಿಗೆ ನಾಳೆ ಹಾಲು ಬೇಡ ಎಂದು ಹೇಳಿಕಳಿಸಿ, ಪಾತ್ರೆಯನ್ನೂ ಒಳಗಿಟ್ಟು, ಹಾಲು ಹೊಸ್ತಿಲ ಮೇಲೆ ಚೆಲ್ಲಿತು ಎಂದು ಅವನನ್ನು ಬೈಯುವವರಿಗೆ ಇದು ಅರ್ಥವಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಸಾಮಾನನ್ನು ಕುಣಿಗಲ್ಲಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹಾಕಿದೆವು. ಅಲ್ಲಿಯ ಟೆಕ್ನಿಷಿಯನ್ ಜಬೀನಾ, ಚುರುಕಿನ ಹೆಣ್ಣುಮಗಳು. ಅವರ ಸ್ಕ್ಯಾನ್ ಯಂತ್ರ ಹಳೆಯದು, ಅದರ ಹೊಟ್ಟೆಯಲ್ಲಿ ಜಾಗವಿಲ್ಲ. ಹಾಗಾಗಿ ಪಕ್ಕದ ಕಂಪ್ಯೂಟರಿನಲ್ಲಿದ್ದ ನಮ್ಮ ಫೋಲ್ಡರಿಗೆ ಚಿತ್ರ ಕಳಿಸಿ, ನಮ್ಮಿಂದ ಬರೆದಾಯಿತು ಎಂಬ ಉತ್ತರ ಬಂದ ಕೂಡಲೇ ತನ್ನ ಪ್ರತಿಯನ್ನು ಅಳಿಸಿಕೊಳ್ಳುವಂತೆ ಅದನ್ನು ಕಟ್ಟಿದ್ದರು. ಏಳು ತಿಂಗಳು ನಡೆಯಿತು. ಫೋನು ಬರಲಿಲ್ಲ ಎಂದರೆ ಎಲ್ಲ ಚೆನ್ನಾಗಿದೆ ಎಂದುಕೊಂಡಿದ್ದೆ.

ಒಂದು ಗುರುವಾರ ಹನ್ನೆರಡು ಗಂಟೆಗೆ ಜಬೀನಾ ಫೋನ್ ಮಾಡಿದಳು.

"ಮೇಡಂ, ಹೊನ್ನಮ್ಮ ಅಂತ ಪೇಷಂಟು. ಒಂದು ಗಂಟೆ ಮುಂಚೆ ಸ್ಕ್ಯಾನ್ ಆಯ್ತು, ಎಲ್ಲಾ ಚೆನ್ನಾಗಿ ಬಂತು, ನಾನೇ ನೋಡ್ದೆ. ಈಗ ತುಮಕೂರು ಡಾಕ್ಟ್ರು ಫೈಲ್ ಖಾಲಿ ಇದೆ ಅಂತಿದಾರೆ. ಸೊನ್ನೆ ಅಂತೆ."

"ಮತ್ತೆ ತೆಗೆಯೋಕಾಗಲ್ವಾ?" ಎಂದೆ. ಎಷ್ಟು ಸಲೀಸಾಗಿ ಕೇಳಿದೆ ನೋಡಿ.

"ಆಗಲ್ಲ ಮೇಡಂ. ರಕ್ತನಾಳಕ್ಕೆ ಡೈ ಹಾಕಿ ತೆಗ್ದಿರೋದು. ಶುಗರ್ ಇದೆ, ಕಾಲು ಕಪ್ಪಾಗ್ತಿದೆ, ಕಿಡ್ನಿ ಅರ್ಧ ಹೋಗಿದೆ. ಒಂದೇ ಸಲ, ಅದೂ ಹೆದರ್ಕೊಂಡು ಹಾಕಿದ್ದು. ಇನ್ನೊಂದ್ಸಲ ಹಾಕಿದ್ರೆ ಕಿಡ್ನಿ ಹೋಗುತ್ತೆ ಅಂದಿದಾರೆ. ಫೋಟೋ ಇಲ್ದೆ ಹೋದ್ರೆ ರಕ್ತ ಎಲ್ಲಿ ನಿಂತಿದೆ ಗೊತ್ತಾಗಲ್ಲ, ಕಾಲೇ ತೆಗೀಬೇಕು."

ಅಲ್ಲಿಯವರೆಗೆ ಫೈಲು ಎಂದರೆ ನನಗೆ ಒಂದು ನಂಬರು, ಇಷ್ಟು ಉದ್ದ, ಇಷ್ಟು ಅಗಲ. ಅದಕ್ಕೊಂದು ಕಾಲಿರುತ್ತದೆ ಎಂದು ಅಂದೇ ಗೊತ್ತಾಗಿದ್ದು.

ಬಸವರಾಜು ಆಗಲೇ, ಕುಣಿಗಲ್ಲಿನಿಂದ ನಮ್ಮ ಯಂತ್ರಕ್ಕೆ ಬಂದು ಸೇರುವ ತನ್ನ ಲಾಗನ್ನು ತೆರೆದಿದ್ದ. ಪರಿಚಾರಕ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಮ್ಮೆ ಕುಸಿದುಬಿದ್ದು, ತಾನಾಗಿಯೇ ಎದ್ದಿದ್ದ. ಆದರೆ ಬೀಳುವ ಮೊದಲು ಹೊನ್ನಮ್ಮನ ಫೈಲಿನ ಒಂದೊಂದು ತುಣುಕಿಗೂ ಆಯ್ತು ಎಂದು ಉತ್ತರ ಕೊಟ್ಟಿದ್ದ.

"ನೋಡಕ್ಕ, ಎಲ್ಲಾ ಆಯ್ತು ಅಂತಾನೇ ಐತೆ. ನನ್ ಕಡೆ ತಪ್ಪಿಲ್ಲ."

"ಆಯ್ತು ಅಂತ ಇದ್ರೆ ಚಿತ್ರ ಎಲ್ಲೋಯ್ತು?"

ಮೂರ್ತಿ ಸಾರ್ ತಮ್ಮ ಕೋಣೆಯಿಂದಲೇ ಹೇಳಿದರು. "ಗಿರಿಜಾ ಅವ್ರೇ, ಅಲ್ಲಿ ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡೋಕೆ ಹೇಳಿ. ಸರಿಹೋಗುತ್ತೆ."

ಆ ಮಾತೇ ನನ್ನನ್ನು ಎಚ್ಚರಿಸಿತು. ಕರ್ನಲ್‌ಗೆ ಒಂದು ಸ್ವಭಾವವಿದೆ. ಅದರ ಕೈಯಿಂದ ಹಾದುಹೋದದ್ದರ ಒಂದು ಪ್ರತಿಯನ್ನು, ಜಾಗದ ಕೊರತೆಯಾಗುವವರೆಗೆ, ನೆನಪಿನಲ್ಲಿ ಹಾಗೆಯೇ ಇಟ್ಟುಕೊಂಡಿರುತ್ತದೆ. ಆಫ್ ಮಾಡಿದರೆ ಅದೂ ಹೋಯಿತು. ಫೋನಿಗೆ ಕೂಗಿದೆ.

"ಜಬೀನಾ, ಮೂರು ಮಾತು. ಕಂಪ್ಯೂಟರ್ ಆಫ್ ಮಾಡ್ಬೇಡಿ. ಆ ಫೈಲನ್ನ ಅಲ್ಲಿ ತೆರೀಬೇಡಿ. ತೆರೆದ್ರೆ ನಮ್ಮ ಪ್ರೋಗ್ರಾಮು ಅದು ಖಾಲಿ ಅಂತ ತಿಳ್ಕೊಂಡು ಇರೋದನ್ನೂ ಎಸೆಯುತ್ತೆ. ಮುಂದಿನ ಪೇಷಂಟನ್ನ ತಗೋಬೇಡಿ. ಹೊಸಬರು ಬಂದ ಕೂಡ್ಲೇ ಹಳೇ ಫೈಲು ಮುಚ್ಚಿ, ನೆನಪಲ್ಲಿರೋದೂ ಹೋಗುತ್ತೆ. ನಾವು ಬರೋ ತನಕ ಏನೂ ಮುಟ್ಬೇಡಿ."

"ಆಯ್ತು ಮೇಡಂ."

ಆ ಹೊತ್ತಿಗೆ ಸಿಕ್ಕ ಬಸ್ಸು ಹತ್ತಿದೆವು. ಗೂಳೂರು ದಾಟಿತು, ಹೆಬ್ಬೂರು ದಾಟಿತು. ಬಸವರಾಜು ಕಿಟಕಿಯ ಕಂಬಿ ಹಿಡಿದುಕೊಂಡು, ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಅದೇ ಮಾತನ್ನು ಹೇಳುತ್ತಿದ್ದ. "ನನ್ ಲಾಗಲ್ಲಿ ಎಲ್ಲಾ ಆಯ್ತು ಅಂತ ಐತಕ್ಕ." ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತಿದ್ದೆ. ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಸೆಂಟರಿನೊಳಗೆ ಕಾಲಿಟ್ಟರೆ ಒಬ್ಬ ಮುದುಕರನ್ನು ಸ್ಕ್ಯಾನ್ ಟೇಬಲ್ಲಿನ ಮೇಲೆ ಮಲಗಿಸುತ್ತಿದ್ದರು. ನರ್ಸು ಅವರ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಡುತ್ತಿದ್ದಳು. ಜಬೀನಾ ಒಳಗಿನ ಕೋಣೆಯಿಂದ ಹೊರಗೆ ಬರುತ್ತಿದ್ದಳು.

"ನಿಲ್ಸಿ!" ಎಂದು ಕಿರುಚಿದೆ. ನನ್ನ ಜನ್ಮದಲ್ಲಿ ಒಂದು ಆಸ್ಪತ್ರೆಯೊಳಗೆ ಹಾಗೆ ಕಿರುಚಿದವಳಲ್ಲ. ಮುದುಕರು ಗಾಬರಿಯಾಗಿ ಎದ್ದೇ ಕುಳಿತರು. ನರ್ಸಿನ ಕೈ ಆಗಲೇ ಸ್ಕ್ಯಾನ್ ಶುರು ಮಾಡುವ ಗುಂಡಿಯ ಹತ್ತಿರ ಹೋಗಿತ್ತು, ಒತ್ತಿರಲಿಲ್ಲ.

"ಜಬೀನಾ, ತಗೋಬೇಡಿ ಅಂದಿದ್ದೆ. ಆಯ್ತು ಅಂದ್ರಲ್ಲ!"

"ಆಯ್ತು ಅಂದೆ ಮೇಡಂ, ನೀವು ಹೇಳಿದ್ದು ಗೊತ್ತಾಯ್ತು ಅಂತ. ಸಿಸ್ಟರ್‌ಗೆ ಹೇಳೋಣ ಅಂತಿದ್ದೆ, ಅಷ್ಟ್ರಲ್ಲಿ ಒಳಗಡೆ ಕರೆದ್ರು. ಹೇಳಿದ್ದಾಯ್ತು ಅಂತ ನಾನು ಅನ್ಲಿಲ್ಲ."

ನಾನು ಬಸವರಾಜುವನ್ನು ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆದಿರಬೇಕು.

"ಬಸವರಾಜು, ನಿನ್ನ ಆಯ್ತು ಯಾವ ಆಯ್ತು?"

"ಕೊಟ್ಟಿದ್ದು ಕೈಗೆ ಬಂತು, ಇನ್ಮೇಲೆ ಬರೀತೀನಿ ಅನ್ನೋ ಆಯ್ತು ಕಣಕ್ಕ. ಸ್ವಲ್ಪ ಸ್ವಲ್ಪ ಸೇರುಸ್ಕೊಂಡು ಒಟ್ಗೆ ಕಳುಸ್ತಿದ್ದೆ, ಬೇಗ ಆಗ್ಲಿ ಅಂತ. ನಿಮ್ದು?"

"ಬರೆದು ಮುಗೀತು ಅನ್ನೋ ಆಯ್ತು."

ನಮ್ಮತ್ತೆ ಅಕ್ಕಿ ನೆನೆಹಾಕಮ್ಮ ಎಂದರೆ ಆಯ್ತತ್ತೆ ಎನ್ನುತ್ತೇನೆ, ಎದ್ದೂ ಇರುವುದಿಲ್ಲ. ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತೇನೆ, ಆಗ ಎಲೆ ಎತ್ತಿಯೇ ಆಗಿರುತ್ತದೆ. ಒಂದೇ ಬಾಯಿ, ಒಂದೇ ಪದ. ಮನೆಯಲ್ಲಿ ಮುಖ ನೋಡಿದರೆ ಯಾವ ಆಯ್ತು ಎಂದು ತಿಳಿಯುತ್ತದೆ. ಡ್ರೈವರಿಗೆ ಪರಿಚಾರಕನ ಮುಖ ಕಾಣುತ್ತದೆಯೇ? ಅವನು ಕೇಳಿಸಿತು ಎಂಬರ್ಥದಲ್ಲಿ ಆಯ್ತು ಎಂದ. ನಾನು ಅದನ್ನು ಮುಗಿಯಿತು ಎಂದುಕೊಂಡು ಸ್ಕ್ಯಾನ್ ಯಂತ್ರಕ್ಕೆ ಹೇಳಿದೆ. ಅದು ನಂಬಿ ತನ್ನ ಪ್ರತಿಯನ್ನು ಅಳಿಸಿತು. ಅವನು ಕೈಯಲ್ಲಿದ್ದದ್ದನ್ನು ಹಿಡಿದುಕೊಂಡೇ ಬಿದ್ದುಹೋದ.

ಕೂತು ಅಳಲು ಹೊತ್ತಿರಲಿಲ್ಲ. ಪರೀಕ್ಷೆಗೆಂದು ನನ್ನ ಡ್ರೈವರಿನಲ್ಲಿ ಒಂದು ಕಿಂಡಿ ಬಿಟ್ಟುಕೊಂಡಿದ್ದೆ. ಫೈಲನ್ನು ತೆರೆಯದೆ, ಪರಿಚಾರಕನನ್ನು ಕೇಳದೆ, ಕರ್ನಲಿನ ನೆನಪಿನಲ್ಲಿ ಏನಿದೆ ಎಂದು ಇಣುಕಿ ನೋಡುವ ಕಿಂಡಿ. ಗಿರಾಕಿಗೆ ಕೊಡುವ ಮೊದಲು ಅದನ್ನು ತೆಗೆದುಹಾಕಿ ಎಂದು ಮೂರ್ತಿ ಸಾರ್ ಮೂರು ಸಲ ಹೇಳಿದ್ದರು. ನಾನು ಮೂರು ಸಲವೂ ಮರೆತಿದ್ದೆ. ನನ್ನ ಮರೆವನ್ನೂ ದೇವರು ಕೆಲಸಕ್ಕೆ ಹಚ್ಚಿದ ಎಂದೇ ಇಂದಿಗೂ ನಂಬಿದ್ದೇನೆ.

ಪೆನ್‌ಡ್ರೈವ್ ಸಿಕ್ಕಿಸಿ ಒಂದೊಂದೇ ತುಣುಕನ್ನು ಹೊರಗೆ ತೆಗೆಯಲು ಶುರು ಮಾಡಿದೆ. ಮೊದಲನೆಯದು ಇಲ್ಲ. ಎರಡನೆಯದು ಇಲ್ಲ. ಮೂರು, ನಾಲ್ಕು, ಐದು ಇಲ್ಲ. ಜಬೀನಾ ಪಕ್ಕದಲ್ಲಿ ನಿಂತು ದುವಾ ಹೇಳಿಕೊಳ್ಳುತ್ತಿದ್ದಳು, ನಾನು ಶಿವ ಶಿವ ಎನ್ನುತ್ತಿದ್ದೆ. ಬಸವರಾಜು ಮಾತ್ರ ಕಣ್ಣು ಮುಚ್ಚಿ, "ಬಾರಪ್ಪಾ, ಬಾರಪ್ಪಾ" ಎಂದು ಎಮ್ಮೆಯನ್ನು ಕೊಟ್ಟಿಗೆಗೆ ಕರೆಯುವವನಂತೆ ಕರೆಯುತ್ತಿದ್ದ. ನಲವತ್ತು ದಾಟಿದ ಮೇಲೆ ಒಂದು ಸಿಕ್ಕಿತು. ಅದರ ಹಿಂದೆಯೇ ಸಾಲಾಗಿ ಬಂದವು, ಕೊನೆಯವರೆಗೂ.

ಜಬೀನಾ ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದಳು. ಹೊಟ್ಟೆಯಿಂದ ಶುರುವಾಗಿ ಬೆರಳ ತುದಿಯವರೆಗೆ ತೆಗೆದ ಚಿತ್ರ. ಮೊದಲು ಬಂದ ಹೊಟ್ಟೆಯ ಭಾಗವನ್ನು ಕರ್ನಲ್ ಆಗಲೇ ಬಿಟ್ಟುಕೊಟ್ಟಿತ್ತು. ತೊಡೆಯಿಂದ ಕೆಳಗೆ ಎಲ್ಲವೂ ಇತ್ತು. ತುಮಕೂರಿನ ಡಾಕ್ಟರಿಗೆ ಕಳಿಸಿ ಫೋನ್ ಮಾಡಿದಳು. ಅವರು ಒಂದೊಂದೇ ಚಿತ್ರವನ್ನು ತೆರೆದು ನೋಡಿದರು. ಕೊನೆಗೆ, "ಹೊಟ್ಟೆ ಕಡೇದನ್ನ ಅಲ್ಟ್ರಾಸೌಂಡಲ್ಲಿ ನೋಡ್ಕೋತೀನಿ, ಅದಕ್ಕೆ ಡೈ ಬೇಡ. ಮೊಣಕಾಲು ಕೆಳಗಿಂದೇ ನನಗೆ ಬೇಕಿತ್ತು. ಕಾಣ್ತಿದೆ. ನಾಳೆ ಬೆಳಿಗ್ಗೆ ಆಪರೇಷನ್," ಎಂದರು.

ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತೆ. ಜಬೀನಾ ನೀರು ತಂದುಕೊಟ್ಟಳು. ಆಗ ಅವಳಾಡಿದ ಮಾತು ಎಲ್ಲಕ್ಕಿಂತ ದೊಡ್ಡ ಪೆಟ್ಟು.

"ಈ ಸಲ ಬಚಾವ್ ಮೇಡಂ. ಹಿಂದೆ ಮೂರು ಸಲ ಹಿಂಗೇ ಸೊನ್ನೆ ಆಗಿತ್ತು."

"ಏನು?"

"ಮೂರು ಪೇಷಂಟ್ ಮೇಡಂ. ಅವ್ರಿಗೆ ಕಿಡ್ನಿ ಚೆನ್ನಾಗಿತ್ತು, ಮತ್ತೆ ಕರ್ಸಿ ತೆಗೆದ್ವಿ."

"ನಮಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಮೂರು ಸಲಾನೂ ನಿಮ್ ಸಾರ್‌ಗೇ ಫೋನ್ ಮಾಡಿದ್ದೆ. ‘ಆಯ್ತಮ್ಮ’ ಅಂದ್ರು."

ಬಸವರಾಜು ಗೋಡೆಗೆ ಒರಗಿಕೊಂಡ. ಮೂರು ಜನ. ಅವರ ಮೈಗೆ ಎರಡು ಸಲ ಡೈ, ಎರಡು ಸಲ ಎಕ್ಸ್‌ರೇ ಬೆಳಕು. ನಾವು ಮಹಡಿಯ ಮೇಲೆ ಕೂತು, ಫೋನು ಬಂದಿಲ್ಲ, ಎಲ್ಲ ಸುಸೂತ್ರ ಎಂದುಕೊಂಡಿದ್ದೆವು. ಆ ಮೂವರು ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಧೈರ್ಯ ಬರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನೆಲ್ಲ ಬರೆದೂ ಪ್ರಯೋಜನವಿಲ್ಲ.

ಆಫೀಸಿಗೆ ಮರಳಿದಾಗ ಮೂರ್ತಿ ಸಾರ್ ಸೆಂಟರಿಗೆ ಕಳಿಸುವ ಕಾಗದವನ್ನು ಟೈಪ್ ಮಾಡಿಸಿ ಇಟ್ಟಿದ್ದರು. ವಿದ್ಯುತ್ ಏರುಪೇರಿನಿಂದ ತೊಂದರೆಯಾಗಿದೆ ಎಂದಿತ್ತು. ನಾನು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ, "ಸಾರ್, ಜಬೀನಾ ನಿಮಗೆ ಫೋನ್ ಮಾಡಿದ್ಲಂತೆ, ಮೂರು ಸಲ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾಡಿದ್ಲು. ಬೇರೆ ಫೋನಲ್ಲಿದ್ದೆ. ನಿಮಗೆ ಹೇಳೋಣ ಅಂದ್ಕೊಂಡೆ."

ಅವರು ಆ ಕಾಗದವನ್ನು ಎರಡು ಸೀಳು ಮಾಡಿ, ಪೆನ್ನು ತೆಗೆದುಕೊಂಡು ತಾವೇ ಕೈಯಲ್ಲಿ ಬರೆದರು. ತಪ್ಪು ನಮ್ಮದು, ಸಂದೇಶವೊಂದರ ಅರ್ಥವನ್ನು ನಾವು ಗೊತ್ತುಮಾಡಿರಲಿಲ್ಲ, ಹಿಂದಿನ ಮೂರು ಸಲವೂ ಅದೇ ಕಾರಣ, ಆ ಮೂವರಿಗೂ ಇದನ್ನು ತಿಳಿಸಬೇಕು. ಅಷ್ಟು ವರ್ಷ ಅವರ ಕೈಕೆಳಗೆ ದುಡಿದು ನಾನು ಕಂಡ ಅವರ ಅತಿ ದೊಡ್ಡ ಕೆಲಸ ಅದು. ಆ ಕಾಗದದಿಂದ ನಾವು ಆ ಗಿರಾಕಿಯನ್ನು ಕಳೆದುಕೊಂಡೆವು.

ಮರುದಿನವೇ ಗೋಡೆಯ ಪಟ್ಟಿಯನ್ನು ಕಿತ್ತೆವು. ಆಯ್ತು ಎಂಬ ಪದವನ್ನೇ ತೆಗೆದು ಅದರ ಜಾಗದಲ್ಲಿ ಎರಡು ಇಟ್ಟೆವು. ಕೇಳಿಸ್ತು ಮತ್ತು ಬರೆದಿಟ್ಟೆ. ಬರೆದಿಟ್ಟೆ ಎಂಬುದು ಬರುವವರೆಗೆ ಡ್ರೈವರ್ ಯಾರಿಗೂ ಏನೂ ಹೇಳಬಾರದು. ಎಷ್ಟೇ ನಿಧಾನವಾಗಲಿ. ಪ್ರತಿ ಪದಕ್ಕೂ ಒಂದು ಪುಟ: ಯಾರು ಯಾರಿಗೆ ಹೇಳುವುದು, ಹೇಳುವಾಗ ಏನು ನಡೆದಿರಬೇಕು, ಹೇಳಿದವನು ಮರುಗಳಿಗೆ ಸತ್ತರೆ ಏನು ಉಳಿದಿರಬೇಕು. ಕೋಡು ಬರೆಯುವುದು ಆಮೇಲೆ. ಬಸವರಾಜು ಪ್ರತಿ ಸೋಮವಾರ ಕೆಲಸದ ನಡುವೆಯೇ ಹೇಳದೆ ಕೇಳದೆ, ಪರೀಕ್ಷೆಗೆಂದು, ಯಂತ್ರದ ಪ್ಲಗ್ಗು ಕೀಳುತ್ತಿದ್ದ. "ಸತ್ಯ ಹೇಳು ಪರಿಚಾರಕ," ಎನ್ನುತ್ತಿದ್ದ. ಈಗ ಇಂಥದ್ದಕ್ಕೆಲ್ಲ ಕರ್ನಲಿನಲ್ಲೇ ಸಿದ್ಧ ಏರ್ಪಾಡಿದೆ, ಮಕ್ಕಳೇ, ನೀವು ನಮ್ಮ ಹಾಗೆ ಬರಿಗೈಯಲ್ಲಿ ಕಟ್ಟಬೇಕಾಗಿಲ್ಲ. ಆದರೆ ಉತ್ತರ ಬಂತು ಎಂದರೆ ಏನು ಬಂತು ಎಂದು ನೀವೂ ಕೇಳಲೇಬೇಕು.

ಆಪರೇಷನ್ ಆದ ಐದನೇ ದಿನ ತುಮಕೂರಿನ ಆಸ್ಪತ್ರೆಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ಕೈಯಲ್ಲಿ ಎರಡು ಎಳನೀರು ಹಿಡಿದುಕೊಂಡಿದ್ದೆ. ಶುಗರ್ ಇರುವವರಿಗೆ, ಅದರಲ್ಲೂ ಕಿಡ್ನಿ ಸೋತವರಿಗೆ ಅದು ಆಗದು ಎಂದು ಬಾಗಿಲಲ್ಲಿ ನೆನಪಾಗಿ ಹೊರಗಿನ ಬೆಂಚಿನಡಿ ಇಟ್ಟು ಬರಿಗೈಯಲ್ಲಿ ಒಳಗೆ ಹೋದೆ.

ಹೊನ್ನಮ್ಮ ದಿಂಬಿಗೆ ಒರಗಿ ಕುಳಿತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮಗಳು ತಲೆ ಬಾಚುತ್ತಿದ್ದಳು.

"ಯಾರವ್ವ ನೀನು?"

"ಕುಣಿಗಲ್ಲಲ್ಲಿ ನಿಮ್ಮ ಸ್ಕ್ಯಾನ್ ಫೋಟೋ ಕಳೆದುಹೋಗಿತ್ತಲ್ಲ ತಾಯಿ, ಅದು ನಮ್ಮ ತಪ್ಪಿಂದ. ಹೇಳಿ ಹೋಗೋಣ ಅಂತ ಬಂದೆ."

"ಫೋಟೋ ಕಳ್ದೋಗಿತ್ತಾ?" ಅವರು ಮಗಳ ಕಡೆ ತಿರುಗಿದರು. "ಲೇ, ನಂಗ್ಯಾಕೆ ಹೇಳ್ನಿಲ್ಲ ನೀನು?"

"ಹೇಳಿದ್ರೆ ನೀನು ಅವತ್ತೇ ಎದ್ದು ಊರಿಗೆ ಹೋಗ್ತಿದ್ದೆ ಕಣವ್ವ," ಎಂದಳು ಮಗಳು. ನನ್ನನ್ನು ನೋಡಿದ ಅವಳ ನೋಟದಲ್ಲಿ ನಗುವಿರಲಿಲ್ಲ. ಎಲ್ಲವೂ ಅವಳಿಗೆ ಗೊತ್ತಿತ್ತು.

"ಎರಡು ಬೆಳ್ಳು ಹೋದ್ವು," ಎಂದು ಹೊನ್ನಮ್ಮ ಹೊದಿಕೆಯನ್ನು ಸರಿಸಿದರು. ಬ್ಯಾಂಡೇಜಿನ ಆಚೆ ಪಾದದ ಮೇಲ್ಭಾಗ ಕಾಣುತ್ತಿತ್ತು. "ಮಿಕ್ಕಿದ್ದು ಐತ್ ನೋಡು. ಅವತ್ತು ಮಂಜುಗಡ್ಡೆ ಇದ್ದಂಗಿತ್ತು. ಈಗ ಮುಟ್ಟಿ ನೋಡು."

ನಾನು ಬಗ್ಗಿ ಮುಟ್ಟಿದೆ.

"ಅಯ್ಯಯ್ಯೋ, ವಿಭೂತಿ ಇಟ್ಕೊಂಡಿರೋಳು ನಮ್ ಕಾಲ್ಗೆ ಬೀಳ್ತೀಯಲ್ಲವ್ವ, ಬ್ಯಾಡ ಏಳು!" ಎಂದು ಅವರು ಕಾಲನ್ನು ಎಳೆದುಕೊಳ್ಳಲು ನೋಡಿದರು.

ಬಿಡಲಿಲ್ಲ ನಾನು. ಪಾದ ಬೆಚ್ಚಗಿತ್ತು.